ತುಡುವೆ ಪೆಟ್ಟಿಗೆಯಲ್ಲಿ ಮರಿ ಸಾಯುತ್ತಿದ್ದರೆ: ಥಾಯ್ ಸ್ಯಾಕ್‌ಬ್ರೂಡ್ ಪತ್ತೆ ಮತ್ತು ಸಲಕರಣೆಗಳ ಶುದ್ಧಿ

ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಮೊದಲು ಕಂಡದ್ದು 1976ರಲ್ಲಿ, ಥಾಯ್ಲೆಂಡ್‌ನ ತುಡುವೆ ಜೇನಿನಲ್ಲಿ. 1978ರ ಹೊತ್ತಿಗೆ ಅದು ಈಶಾನ್ಯ ಭಾರತದಲ್ಲಿತ್ತು. 1991-92ರಲ್ಲಿ ದಕ್ಷಿಣಕ್ಕೆ ಇಳಿದಾಗ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಜೇನು ಕೃಷಿಕರ ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಅಲ್ಲಿಂದ ಈಚೆಗೆ ರೋಗ ಪೂರ್ತಿ ಹೋಗಿಲ್ಲ. ಒಂದು ವರ್ಷ ತಣ್ಣಗಿದ್ದು ಇನ್ನೊಂದು ವರ್ಷ ಎದ್ದು ಬರುತ್ತದೆ.

ಇದಕ್ಕೆ ಔಷಧ ಇಲ್ಲ. ಕೈಯಲ್ಲಿರುವುದು ರೋಗ ಸಾಗುವ ದಾರಿಗಳನ್ನು ಕಡಿಯುವುದು ಮಾತ್ರ. ಆ ದಾರಿಗಳಲ್ಲಿ ಮೊದಲನೆಯದು ಹಳೆಯ ಮರಿ ಎರಿ (ಮರಿ ಬೆಳೆಯುವ ಮೇಣದ ಕಣಗಳ ತಟ್ಟೆ), ಆಮೇಲೆ ಜೇನುತುಪ್ಪ, ಆಮೇಲೆ ಮನೆಯಿಂದ ಮನೆಗೆ ಹೋಗುವ ಜೇನು ತೆಗೆಯುವ ಯಂತ್ರ, ಚಾಕು ಮತ್ತು ನಮ್ಮ ಕೈ. ಮರದ ಪೆಟ್ಟಿಗೆ ಬರುವುದು ಕೊನೆಗೆ. ಪೆಟ್ಟಿಗೆಯನ್ನು ಇಡೀ ದಿನ ಉಜ್ಜಿ ತೊಳೆದು, ಅದರೊಳಗೆ ಹಳೆ ಎರಿಯನ್ನೇ ಮತ್ತೆ ಇಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಬಾಗಿಲಲ್ಲಿ ಓಡಾಟ ಕಡಿಮೆ, ಪರಾಗ ಬರುತ್ತಿಲ್ಲ

ಪೆಟ್ಟಿಗೆ ತೆರೆಯಬೇಡಿ. ಬಿಸಿಲೇರಿದ ಬೆಳಿಗ್ಗೆ ಬದಿಯಲ್ಲಿ ಐದು ನಿಮಿಷ ನಿಂತು ಬಾಗಿಲನ್ನು ನೋಡಿ. ಪಕ್ಕದ ಪೆಟ್ಟಿಗೆಗೆ ಪರಾಗದ ಉಂಡೆ ಹೊತ್ತ ನೊಣಗಳು ಬರುತ್ತಿದ್ದು ಇದಕ್ಕೆ ಬರುತ್ತಿಲ್ಲವಾದರೆ ಒಳಗೆ ತಿನ್ನುವ ಮರಿ ಕಡಿಮೆಯಿದೆ, ಅಥವಾ ರಾಣಿ ಇಲ್ಲ, ಅಥವಾ ಮರಿ ಸಾಯುತ್ತಿದೆ. ಈ ವೈರಸ್ ತಗುಲಿದ ದೊಡ್ಡ ನೊಣಗಳು ನೋಡಲು ಸರಿಯಾಗಿಯೇ ಇರುತ್ತವೆ, ಆದರೆ ಪರಾಗ ತಿನ್ನುವುದನ್ನು ಬೇಗ ಬಿಡುತ್ತವೆ, ಆಯಸ್ಸೂ ಕಡಿಮೆ.

ಪೆಟ್ಟಿಗೆಯ ಮುಂದಿನ ನೆಲವನ್ನೂ ನೋಡಿ. ಹಳದಿ ಅಥವಾ ಕಂದು ಬಣ್ಣದ ಮರಿಹುಳುಗಳು ಬಿದ್ದಿದ್ದರೆ ನೊಣಗಳೇ ಸತ್ತ ಮರಿಯನ್ನು ಎಳೆದು ಹಾಕಿವೆ ಎಂದರ್ಥ. ಇರುವೆಗಳು ಇವನ್ನು ಬೇಗ ಒಯ್ಯುತ್ತವೆ, ಅದಕ್ಕೇ ಬೆಳಿಗ್ಗೆಯೇ ನೋಡಬೇಕು. ಅಡಿಯಲ್ಲಿ ಒಂದು ಬಿಳಿ ಬಟ್ಟೆ ಹಾಸಿದರೆ ಇನ್ನೂ ಸುಲಭ.

ಇಷ್ಟಕ್ಕೆ ಖರ್ಚಿಲ್ಲ. ಇದರಲ್ಲಿ ಅನುಮಾನ ಬಂದರೆ ಮಾತ್ರ ತೆರೆಯಿರಿ. ಆರೋಗ್ಯವಾಗಿರುವ ಪೆಟ್ಟಿಗೆಗಳ ಕೆಲಸವನ್ನೆಲ್ಲ ಮೊದಲು ಮುಗಿಸಿ, ಅನುಮಾನದ ಪೆಟ್ಟಿಗೆಯನ್ನು ಕೊನೆಗೆ ತೆರೆಯಿರಿ.

ಕಣದ ಮುಚ್ಚಳ ತೆರೆದಿದೆ, ಒಳಗೆ ಮರಿ ತಲೆಯೆತ್ತಿ ಸತ್ತಿದೆ

ಈ ರೋಗದ ನಿಜವಾದ ಗುರುತು ಇಲ್ಲಿದೆ. ಮರಿಹುಳು ಎರಡು ದಿನದ ಆಸುಪಾಸಿನಲ್ಲಿ ಆಹಾರದ ಮೂಲಕ ವೈರಸ್ ತಿನ್ನುತ್ತದೆ, ಆದರೆ ಸಾಯುವುದು ಪೂರ್ತಿ ಬೆಳೆದು, ಕಣಕ್ಕೆ ಮುಚ್ಚಳ ಬಿದ್ದ ಮೇಲೆ. ಕೊನೆಯ ಪೊರೆ ಕಳಚಲು ಅದಕ್ಕೆ ಆಗುವುದಿಲ್ಲ. ಆ ಪೊರೆ ಮತ್ತು ಮೈಯ ನಡುವೆ ನೀರು ತುಂಬುತ್ತದೆ. ನೊಣಗಳು ಮುಚ್ಚಳ ತೆಗೆದಾಗ ಕಣದಲ್ಲಿ ನೆಟ್ಟಗೆ ಚಾಚಿ, ತಲೆ ಮೇಲಕ್ಕೆತ್ತಿದ ಮರಿ ಕಾಣುತ್ತದೆ.

ಸಣ್ಣ ಚಿಮಟದಿಂದ ತಲೆಯ ಬಳಿ ಹಿಡಿದು ನಿಧಾನವಾಗಿ ಮೇಲೆತ್ತಿ. ಪೊರೆ ಹರಿಯದೆ ಇಡಿಯಾಗಿ ಬಂದು, ತಳದಲ್ಲಿ ತಿಳಿನೀರು ಜೋತ ಪುಟ್ಟ ಚೀಲವಾಗಿ ನೇತಾಡಿದರೆ ಇದು ಸ್ಯಾಕ್‌ಬ್ರೂಡ್ ಎಂದು ಬಹುತೇಕ ಹೇಳಬಹುದು. ಆ ನೀರು ಕೈಗಾಗಲಿ ಪಕ್ಕದ ಕಣಕ್ಕಾಗಲಿ ಬೀಳದಂತೆ ನೋಡಿಕೊಳ್ಳಿ. ಸತ್ತ ಒಂದೇ ಮರಿಯಲ್ಲಿ ಸಾವಿರ ಕುಟುಂಬಗಳ ಮರಿಗಳಿಗೆ ತಗುಲಿಸುವಷ್ಟು ವೈರಸ್ ಇರಬಲ್ಲದು.

ಬಣ್ಣ ದಿನ ಹೇಳುತ್ತದೆ. ಹೊಸದಾಗಿ ಸತ್ತದ್ದು ಮಾಸಲು ಬಿಳಿ, ಆಮೇಲೆ ತಿಳಿ ಹಳದಿ, ಮತ್ತೆ ಕಂದು. ಕಪ್ಪಾಗುವುದು ತಲೆಯ ಕಡೆಯಿಂದ ಶುರು. ಕೊನೆಗೆ ಒಣಗಿ, ಎರಡೂ ತುದಿ ಮೇಲಕ್ಕೆ ಬಾಗಿದ ಗಾಢ ಚಕ್ಕೆಯಾಗುತ್ತದೆ. ಎರಿಯನ್ನು ತಟ್ಟಿದರೆ ಈ ಚಕ್ಕೆ ಸಡಿಲವಾಗಿ ಉದುರುತ್ತದೆ. ಸಾಮಾನ್ಯವಾಗಿ ಕೆಟ್ಟ ವಾಸನೆ ಇರುವುದಿಲ್ಲ.

ಮರಿ ಸತ್ತಿದೆ, ಆದರೆ ಹೀಗಲ್ಲ

ಬೋಳು ಕಣಗಳು ಒಂದೇ ಸಾಲಿನಲ್ಲಿದ್ದು ಒಳಗೆ ಬಿಳಿ ಅಥವಾ ನೇರಳೆ ಕಣ್ಣಿನ ಜೀವಂತ ಕೋಶ (ನೊಣವಾಗುವ ಮುಂಚಿನ ಹಂತದ ಮರಿ) ಕಂಡರೆ ಅದು ಮೇಣದ ಹುಳುವಿನ ಕೆಲಸ. ಎರಿಯನ್ನು ಬೆಳಕಿಗೆ ಹಿಡಿದರೆ ಸುರಂಗವೂ ಬಲೆಯೂ ಕಾಣುತ್ತದೆ. ಹುಳು ತೆಗೆಯಿರಿ, ನೊಣ ಕೂರದ ಎರಿಗಳನ್ನು ತೆಗೆದು ಪೆಟ್ಟಿಗೆಯ ಜಾಗ ಕಿರಿದು ಮಾಡಿ. ವೈರಸ್ ಇಲ್ಲ.

ಮುಚ್ಚಳ ಬೀಳುವ ಮೊದಲೇ ಮರಿ ತಿರುಚಿಕೊಂಡು, ಹಳದಿಯಾಗಿ, ಹುಳಿ ವಾಸನೆಯಿಂದ ಸತ್ತಿದ್ದರೆ ಯುರೋಪಿಯನ್ ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗದ ಅನುಮಾನ. ಮುಚ್ಚಳ ತೂತಾಗಿ ಕುಸಿದಿದ್ದು, ಬೆಂಕಿಕಡ್ಡಿ ಅದ್ದಿ ಎಳೆದರೆ ಕಂದು ಅಂಟು ನೂಲಿನಂತೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಬಂದರೆ ಅಮೆರಿಕನ್ ಫೌಲ್‌ಬ್ರೂಡ್. ಅದರ ಒಣಚಕ್ಕೆ ಕಣದ ಗೋಡೆಗೆ ಬಿಗಿಯಾಗಿ ಹತ್ತಿರುತ್ತದೆ, ಉದುರುವುದಿಲ್ಲ. ಅದರ ಬೀಜಾಣು ದಶಕಗಳ ಕಾಲ ಬದುಕುತ್ತದೆ, ಕೆಳಗೆ ಹೇಳುವ ಶುದ್ಧಿ ಕ್ರಮ ಅದಕ್ಕೆ ಸಾಲದು. ಹಾಗೆ ಕಂಡರೆ ಪೆಟ್ಟಿಗೆಯನ್ನು ಅಲುಗಾಡಿಸದೆ ತಜ್ಞರನ್ನು ಕರೆಯಿರಿ.

ಚಳಿ ರಾತ್ರಿಯ ಮರುದಿನ ಎರಿಯ ಅಂಚಿನಲ್ಲಿ ಮಾತ್ರ ಎಲ್ಲ ವಯಸ್ಸಿನ ಮರಿ ಬೂದು ಬಣ್ಣಕ್ಕೆ ತಿರುಗಿ ಸತ್ತಿದ್ದರೆ ಶೀತ. ದೊಡ್ಡ ನೊಣಗಳು ನಾಲಗೆ ಚಾಚಿ ಪೆಟ್ಟಿಗೆಯ ಮುಂದೆ ಒಮ್ಮೆಲೇ ರಾಶಿ ಬಿದ್ದಿದ್ದರೆ ಕೀಟನಾಶಕ. ಸುತ್ತಲಿನ ತೋಟದಲ್ಲಿ ಯಾರು ಏನು ಸಿಂಪಡಿಸಿದರು ಕೇಳಿ.

ಮೆಲ್ಲಿಫೆರಾ (ಯುರೋಪಿಯನ್ ಜೇನು) ಸಾಕುವವರು ಮುದುಡಿದ ರೆಕ್ಕೆಯ, ಗಿಡ್ಡ ಹೊಟ್ಟೆಯ ನೊಣಗಳನ್ನು ಕಂಡರೆ ಅದು ಬೇರೊಂದು ವೈರಸ್. ಅದನ್ನು ಹರಡುವುದು ನೊಣದ ಮೈಗೆ ಅಂಟುವ ವರೋವಾ ಎಂಬ ಉಣ್ಣೆ. ಅಲ್ಲಿ ಪೆಟ್ಟಿಗೆ ತೊಳೆದು ಪ್ರಯೋಜನವಿಲ್ಲ, ಮೊದಲು ಉಣ್ಣೆ ಎಣಿಸಬೇಕು. ಅರ್ಧ ಕಪ್, ಅಂದರೆ ಸುಮಾರು 300 ನೊಣಗಳನ್ನು (ರಾಣಿ ಇಲ್ಲವೆಂದು ಖಚಿತ ಮಾಡಿಕೊಂಡು) ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಎರಡು ದೊಡ್ಡ ಚಮಚ ಪುಡಿ ಸಕ್ಕರೆ ಸೇರಿಸಿ, ನಿಮಿಷ ಉರುಳಿಸಿ, ಬಿಳಿ ತಟ್ಟೆಗೆ ಜಾಡಿಸಿ. ಒಂಬತ್ತು ಉಣ್ಣೆ ಅಥವಾ ಹೆಚ್ಚು ಬಿದ್ದರೆ ಉಣ್ಣೆಗೇ ಚಿಕಿತ್ಸೆ ಬೇಕು.

ಒಂದೆರಡು ಕಣದಲ್ಲಿದೆಯೇ, ಎಲ್ಲ ಎರಿಯಲ್ಲೂ ಇದೆಯೇ?

ಬಲವಾದ ಕುಟುಂಬದಲ್ಲಿ ಎರಡು-ಮೂರು ಕಣ ಮಾತ್ರ ಕಂಡರೆ ನೊಣಗಳೇ ಅದನ್ನು ಎತ್ತಿ ಹಾಕಿ ಚೇತರಿಸಿಕೊಳ್ಳಬಹುದು. ಆ ಎರಿ ತೆಗೆದು ನಾಶ ಮಾಡಿ, ವಾರ ಬಿಟ್ಟು ಮತ್ತೆ ನೋಡಿ. ಆ ಪೆಟ್ಟಿಗೆಯಿಂದ ಬೇರೆಡೆಗೆ ಏನೂ ಹೋಗಕೂಡದು.

ಎಲ್ಲ ಎರಿಗಳಲ್ಲೂ ಚದುರಿದ್ದರೆ ಮರಿ ಬೆಳೆಯುವ ಸರಪಳಿಯನ್ನೇ ಮುರಿಯಬೇಕು. ತುಡುವೆ ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು ಸುಮಾರು 20 ದಿನ. ರಾಣಿಯನ್ನು ಪಂಜರದಲ್ಲಿಟ್ಟು ಎರಡರಿಂದ ಮೂರು ವಾರ ಮೊಟ್ಟೆ ಇಡದಂತೆ ಮಾಡಿದರೆ ವೈರಸ್‌ಗೆ ಮರಿ ಸಿಗುವುದಿಲ್ಲ, ನೊಣಗಳಿಗೆ ಕಣ ಸ್ವಚ್ಛ ಮಾಡಲು ಸಮಯ ಸಿಗುತ್ತದೆ. ಇನ್ನೂ ಒಳ್ಳೆಯದು, ನೊಣಗಳನ್ನು ಜಾಡಿಸಿ ಹೊಸ ಚೌಕಟ್ಟುಗಳ ಶುದ್ಧ ಪೆಟ್ಟಿಗೆಗೆ ಇಳಿಸಿ, ಹಳೆಯ ಮರಿ ಎರಿಗಳನ್ನೆಲ್ಲ ತೆಗೆದುಬಿಡುವುದು. ಬಾಗಿಲಿಗೆ ರಾಣಿ ತಡೆ ಹಾಕಿ, ಇಲ್ಲವಾದರೆ ತುಡುವೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಸಂಜೆ ಪೆಟ್ಟಿಗೆಯ ಒಳಗೇ ಸಕ್ಕರೆ ಪಾಕ (ಸಮಪಾಲು ಸಕ್ಕರೆ, ನೀರು) ಕೊಡಿ. ಬಯಲಲ್ಲಿ ತಟ್ಟೆ ಇಟ್ಟರೆ ಹತ್ತಾರು ಕುಟುಂಬ ಅಲ್ಲಿ ಸೇರಿ ರೋಗ ಹಂಚಿಕೊಳ್ಳುತ್ತವೆ. ಬೇರೆ ಪೆಟ್ಟಿಗೆಯ ತುಪ್ಪವನ್ನಂತೂ ಕೊಡಲೇಬೇಡಿ. ರೋಗದ ಪೆಟ್ಟಿಗೆಯ ತುಪ್ಪ ಮನುಷ್ಯರಿಗೆ ಅಪಾಯವಲ್ಲ, ಈ ವೈರಸ್ ನಮಗೆ ತಗುಲುವುದಿಲ್ಲ. ನೊಣಕ್ಕೆ ಮಾತ್ರ ಅದು ವಿಷ.

ಟೆಟ್ರಾಸೈಕ್ಲಿನ್ ಹಾಕಿ ಎನ್ನುವ ಸಲಹೆ ಬರುತ್ತದೆ. ಅದು ಬ್ಯಾಕ್ಟೀರಿಯಾದ ಔಷಧ, ವೈರಸ್‌ಗೆ ಏನೂ ಮಾಡದು. ತುಪ್ಪದಲ್ಲಿ ಉಳಿದು ಮಾರಾಟಕ್ಕೆ ತೊಂದರೆ ತರುತ್ತದೆ.

ಎರಿ, ಪೆಟ್ಟಿಗೆ, ಚೌಕಟ್ಟು: ಯಾವುದನ್ನು ಹೇಗೆ

ಮರಿ ಎರಿಯನ್ನು ಶುದ್ಧ ಮಾಡಲಾಗುವುದಿಲ್ಲ. ಸಾವಿರಾರು ಕಣ, ಒಂದೊಂದರ ತಳದಲ್ಲೂ ಹಳೆ ಪೊರೆ. ಯಾವ ದ್ರಾವಣವೂ ಅಲ್ಲಿ ಪೂರ್ತಿ ತಾಗದು. ಎರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ಹಂಡೆಯ ನೀರಿನಲ್ಲಿ ಕುದಿಸಿ. ಮೇಣ ತೇಲಿ ಬರುತ್ತದೆ, ತಣಿದಾಗ ಗಟ್ಟಿಯಾಗುತ್ತದೆ, ಅದನ್ನು ಮಾರಬಹುದು. ಚೀಲದಲ್ಲಿ ಉಳಿದ ಕಸವನ್ನು ನೊಣಕ್ಕೆ ಸಿಗದಂತೆ ಆಳವಾಗಿ ಹೂಳಿ.

ಮರದ ಭಾಗಗಳಿಗೆ ನಂಬಬಹುದಾದ ಸುಲಭ ಉಪಾಯ ಬಿಸಿನೀರು. ಸ್ಯಾಕ್‌ಬ್ರೂಡ್ ವೈರಸ್ ನೀರಿನಲ್ಲಿ ಸುಮಾರು 60 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ನಿಷ್ಕ್ರಿಯವಾಗುತ್ತದೆ. ತುಪ್ಪದ ಪದರದೊಳಗಿದ್ದರೆ 70-73 ಡಿಗ್ರಿ ಬೇಕು. ಆದ್ದರಿಂದ 80ರ ಗುರಿಯಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಮೇಣವೇ ಅಳತೆ: ಚೌಕಟ್ಟಿನ ಮೇಣ ಪೂರ್ತಿ ಕರಗಿ ನೀರಿನ ಮೇಲೆ ತೇಲಿತು ಎಂದರೆ 62-65 ಡಿಗ್ರಿ ದಾಟಿದೆ. ಆಮೇಲೂ ಉರಿ ಇಟ್ಟು, ತಳದಿಂದ ಗುಳ್ಳೆ ಏಳತೊಡಗಿದ ಮೇಲೆ ಹದಿನೈದು ನಿಮಿಷ ಮುಳುಗಿಸಿಡಿ. ಅಡಿಕೆ ಬೇಯಿಸುವ ಹಂಡೆ ಇರುವ ಮನೆಯಲ್ಲಿ ಎಂಟು ಚೌಕಟ್ಟಿನ ಪೆಟ್ಟಿಗೆಯ ಚೌಕಟ್ಟುಗಳೆಲ್ಲ ಒಂದೇ ಸಲಕ್ಕೆ ಹಿಡಿಯುತ್ತವೆ.

ಹಂಡೆಗೆ ಹಿಡಿಯದ ಕೋಣೆ, ಅಡಿಹಲಗೆ, ಮುಚ್ಚಳಗಳಿಗೆ ಕ್ಲೋರಿನ್. ಅದಕ್ಕೂ ಮೊದಲು ಕೆರೆಯುವುದು, ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಬರೀ ತೋರಿಕೆ. ಕ್ಲೋರಿನ್ ಮೇಣ, ತುಪ್ಪ, ಕೊಳೆಯ ಮೇಲೇ ಖರ್ಚಾಗಿ ಹೋಗುತ್ತದೆ, ಕೆಳಗಿನ ವೈರಸ್‌ಗೆ ತಲುಪುವುದಿಲ್ಲ. ತುಡುವೆ ಮರದ ಅಂಟು ತರುವುದಿಲ್ಲ, ಹಾಗಾಗಿ ಕೆರೆಯಬೇಕಾದ್ದು ಹೆಚ್ಚಾಗಿ ಮೇಣ. ಮೆಲ್ಲಿಫೆರಾ ಪೆಟ್ಟಿಗೆಯಲ್ಲಿ ಅಂಟು ಸಂದಿಗಳಲ್ಲೆಲ್ಲ ಇರುತ್ತದೆ. ಮೂಲೆ, ಚೌಕಟ್ಟು ಕೂರುವ ತೋಡು, ಬಾಗಿಲಿನ ಒಳ ಅಂಚು, ಇವು ಮೂರು ಕಡೆ ಹೆಚ್ಚು ಗಮನ ಕೊಡಿ. ಕೆರೆದದ್ದು ಹಳೆ ಪತ್ರಿಕೆಯ ಮೇಲೆ ಬೀಳಲಿ, ಪತ್ರಿಕೆ ಸಮೇತ ಸುಟ್ಟುಬಿಡಿ. ಆಮೇಲೆ ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಿರಿ.

ಬೇಕಾದ್ದು 0.5 ಶೇಕಡ ಕ್ಲೋರಿನ್. ಬಾಟಲಿಯ ದ್ರವ ಬ್ಲೀಚ್ 5 ಶೇಕಡ ಎಂದಿದ್ದರೆ ಒಂದು ಲೀಟರ್‌ಗೆ ಒಂಬತ್ತು ಲೀಟರ್ ತಣ್ಣೀರು. 4 ಶೇಕಡ ಎಂದಿದ್ದರೆ ಏಳು ಲೀಟರ್. ಬ್ಲೀಚಿಂಗ್ ಪೌಡರ್ ಆದರೆ ಹೊಸ ಪೊಟ್ಟಣದಲ್ಲಿ ಸುಮಾರು 30 ಶೇಕಡ ಕ್ಲೋರಿನ್ ಇರುತ್ತದೆ, 10 ಲೀಟರ್ ನೀರಿಗೆ 170 ಗ್ರಾಂ ಸಾಕು. ಕಲಕಿ ಅರ್ಧ ಗಂಟೆ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಬಿಸಿನೀರು ಬೇಡ, ಕ್ಲೋರಿನ್ ಹಾರಿಹೋಗುತ್ತದೆ. ಬ್ರಷ್‌ನಿಂದ ಧಾರಾಳವಾಗಿ ಬಳಿದು ಇಪ್ಪತ್ತು ನಿಮಿಷ ಒಣಗದಂತೆ ಒದ್ದೆಯಾಗಿಯೇ ಇಡಿ, ಒಣಗತೊಡಗಿದರೆ ಮತ್ತೆ ಬಳಿಯಿರಿ. ಆಮೇಲೆ ತೊಳೆದು ಬಿಸಿಲಿಗೆ ಒಳಭಾಗ ಮೇಲಾಗುವಂತೆ ಇಡಿ. ನೇರ ಬಿಸಿಲು ಒಣ ಮೇಲ್ಮೈಯ ವೈರಸ್ಸನ್ನು ಕೆಲವೇ ಗಂಟೆಗಳಲ್ಲಿ ಕುಂದಿಸುತ್ತದೆ. ನೆರಳಲ್ಲಿ ಒಣಗಿದ ವೈರಸ್ ಸುಮಾರು ಮೂರು ವಾರ ಉಳಿಯಬಲ್ಲದು.

ಮಳೆಗಾಲದಲ್ಲಿ ಬಿಸಿಲು ಸಿಗದಾಗ ಬ್ಲೋ ಲ್ಯಾಂಪ್ ಉಪಯೋಗಕ್ಕೆ ಬರುತ್ತದೆ. ಕೆರೆದು ಒಣಗಿಸಿದ ಪೆಟ್ಟಿಗೆಯ ಒಳಗೋಡೆಯನ್ನು ಉರಿಯಿಂದ ಒಂದೇ ಸಮನೆ ಕಾಫಿ ಕಂದು ಬಣ್ಣ ಬರುವವರೆಗೆ ಸುಡಿ. ಕಪ್ಪಾಗಿ ಇದ್ದಿಲಾಗಬಾರದು. ಮಡಕೆ, ಟೊಳ್ಳು ಮರದ ತುಂಡು, ಬಿರುಕು ಬಿಟ್ಟ ಹಳೆ ಪೆಟ್ಟಿಗೆಯನ್ನು ಶುದ್ಧ ಮಾಡಲು ಕೂರಬೇಡಿ, ಬಿಟ್ಟುಬಿಡಿ.

ಯಂತ್ರ, ಚಾಕು, ಬಟ್ಟೆ, ಕೈ

ಕೊಯ್ಲಿನ ಕಾಲದಲ್ಲಿ ಒಂದೇ ಯಂತ್ರ ಹತ್ತು ಮನೆ ಸುತ್ತುತ್ತದೆ. ಒಳಗೆ ಅಂಟಿದ ತುಪ್ಪದ ತೆಳು ಪದರದಲ್ಲೂ ವೈರಸ್ ಹೋಗುತ್ತದೆ. ಪ್ರತಿ ಮನೆಯಿಂದ ಹೊರಡುವ ಮುನ್ನ ಬಿಸಿನೀರಿನಲ್ಲಿ ತುಪ್ಪ ತೊಳೆದು, ಮತ್ತೆ ಬಟ್ಟೆ ಸೋಡ ದ್ರಾವಣ ಬಳಸಿ. ಐದು ಲೀಟರ್ ಬಿಸಿನೀರಿಗೆ ಒಂದು ಕೆಜಿ ವಾಷಿಂಗ್ ಸೋಡ ಹರಳು, ಸ್ವಲ್ಪ ಪಾತ್ರೆ ತೊಳೆಯುವ ಸಾಬೂನು. ಸ್ಟೀಲ್ ಯಂತ್ರಕ್ಕೆ ಮಾತ್ರ. ಅಲ್ಯೂಮಿನಿಯಂ ಮತ್ತು ಸತುವಿನ ಲೇಪನದ ತಗಡನ್ನು ಸೋಡ ತಿಂದು ಹಾಕುತ್ತದೆ, ಬ್ಲೀಚ್ ಕೂಡ ತಗಡನ್ನು ತುಕ್ಕು ಹಿಡಿಸುತ್ತದೆ. ಅಂಥ ಯಂತ್ರಕ್ಕೆ ಕುದಿನೀರು ಸುರಿಯುವುದೇ ಸರಿ. ಅಡುಗೆ ಸೋಡ ಇದಕ್ಕೆ ಬದಲಿಯಲ್ಲ.

ಚಾಕು, ಕೆರೆಯುವ ಉಳಿಗಳನ್ನು ಕುದಿನೀರಿನಲ್ಲಿ ಹತ್ತು ನಿಮಿಷ. ಮುಖಪರದೆ, ಅಂಗಿಯನ್ನು ಸೋಡ ಹಾಕಿದ ಬಿಸಿನೀರಿನಲ್ಲಿ ಒಗೆಯಿರಿ. ಚರ್ಮದ ಕೈಗವಸನ್ನು ಶುದ್ಧ ಮಾಡಲು ಬಾರದು, ರಬ್ಬರಿನದ್ದು ಬಳಸಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವಾಗ ಸಾಬೂನಿನಲ್ಲಿ ತೊಳೆಯಿರಿ. ಕೈಗೆ ಹಚ್ಚುವ ಸ್ಯಾನಿಟೈಸರ್ ನಂಬಬೇಡಿ. ಈ ವೈರಸ್‌ಗೆ ಹೊರಗಿನ ಕೊಬ್ಬಿನ ಹೊದಿಕೆ ಇಲ್ಲ, ಸ್ಪಿರಿಟ್ ಕೆಲಸ ಮಾಡುವುದು ಮುಖ್ಯವಾಗಿ ಆ ಹೊದಿಕೆ ಇರುವ ವೈರಸ್‌ಗಳ ಮೇಲೆ. ಎರಿ ಕಾಪಾಡಲು ಹಾಕುವ ಗಂಧಕದ ಹೊಗೆಯೂ ಮೇಣದ ಹುಳುವಿಗೆ. ಅದನ್ನು ವೈರಸ್ ಶುದ್ಧಿ ಎಂದು ಲೆಕ್ಕ ಹಾಕಬೇಡಿ.

ಶುದ್ಧ ಮಾಡಿದ ಪೆಟ್ಟಿಗೆಯಲ್ಲಿ ನೊಣ ನಿಲ್ಲುತ್ತಿಲ್ಲ

ಮೂಗು ಒಳಗಿಟ್ಟು ನೋಡಿ. ಕ್ಲೋರಿನ್ ಘಾಟು ಇದ್ದರೆ ಎರಡು-ಮೂರು ದಿನ ಬಿಸಿಲಲ್ಲಿಡಿ. ಫಿನಾಯಿಲ್, ಡೆಟಾಲ್ ಬಳಸಿದ್ದರೆ ಆ ವಾಸನೆ ಮರಕ್ಕೆ ಇಳಿದು ತಿಂಗಳುಗಟ್ಟಲೆ ಹೋಗುವುದಿಲ್ಲ, ತುಪ್ಪಕ್ಕೂ ಹತ್ತುತ್ತದೆ; ಅವನ್ನು ಮೊದಲಿಂದಲೇ ದೂರ ಇಡಿ. ವಾಸನೆ ಹೋದ ಮೇಲೆ ಒಳಗೋಡೆಗೆ ಆರೋಗ್ಯವಂತ ಕುಟುಂಬದ, ಕುದಿಸಿ ಶುದ್ಧ ಮಾಡಿದ ಮೇಣ ಸವರಿದರೆ ನೊಣ ಬೇಗ ಒಪ್ಪುತ್ತದೆ.

ಎಲ್ಲ ಮಾಡಿದರೂ ರೋಗ ಮರಳಿತು

ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ. ಹಳೆ ಎರಿ ಒಂದಾದರೂ ಒಳಗೆ ಉಳಿದಿತ್ತೇ, ತುಪ್ಪ ತುಂಬಿದೆಯೆಂದು ಎತ್ತಿಟ್ಟದ್ದೂ ಸೇರಿ? ಬ್ಲೀಚಿಂಗ್ ಪೌಡರ್ ಪೊಟ್ಟಣ ಬಿಚ್ಚಿ ಎಷ್ಟು ಕಾಲವಾಗಿತ್ತು? ತೇವ ಹೀರಿ ಗಂಟು ಕಟ್ಟಿ, ಮೂಗಿಗೆ ಘಾಟು ಬಾರದಂತಾಗಿದ್ದರೆ ಅದರಲ್ಲಿ ಉಳಿದದ್ದು ಹೆಚ್ಚಾಗಿ ಸುಣ್ಣ. ಇಪ್ಪತ್ತು ನಿಮಿಷ ಒದ್ದೆಯಾಗಿತ್ತೇ? ಪಕ್ಕದ ದುರ್ಬಲ ಕುಟುಂಬವನ್ನು ನಿಮ್ಮ ನೊಣಗಳು ಲೂಟಿ ಮಾಡಿದವೇ?

ಇವೆಲ್ಲ ಸರಿಯಿದ್ದೂ ಮರಳಿದರೆ ಕಾರಣ ರಾಣಿಯ ತಳಿ. ಸುತ್ತಲಿನ ಮರದ ಪೊಟರೆಗಳ ಕಾಡು ತುಡುವೆಯಲ್ಲೂ ಈ ವೈರಸ್ ಇರುವುದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಸುತ್ತಲೂ ರೋಗ ಇದ್ದಾಗಲೂ ಮರಿ ಕೆಡದೆ ಉಳಿದ ಕುಟುಂಬಗಳಿಂದಲೇ ರಾಣಿ ಮಾಡಿಕೊಳ್ಳಿ, ಪದೇ ಪದೇ ಬೀಳುವ ಕುಟುಂಬದಿಂದ ಪಾಲು ಮಾಡಬೇಡಿ. ಹಿಡಿದು ತಂದ ಕಾಡು ಕುಟುಂಬವನ್ನು ಎರಡು ಬಾರಿ ಮರಿ ಹೊರಬರುವವರೆಗೆ, ಅಂದರೆ ಸುಮಾರು 40 ದಿನ, ಬೇರೆಯಾಗಿಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಬ್ಲೀಚ್‌ಗೆ ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಸಿಡ್, ಅಮೋನಿಯಾ ಯಾವುದನ್ನೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಬಯಲಲ್ಲಿ, ಗಾಳಿಗೆ ಬೆನ್ನು ಹಾಕಿ, ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿ ಕೆಲಸ ಮಾಡಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ನೀರು ಹಾಯಿಸಿ, ಆಸ್ಪತ್ರೆಗೆ ಹೋಗಿ. ತೊಳೆದ ನೀರು ಕೆರೆಗೆ, ಹಳ್ಳಕ್ಕೆ ಸೇರಬಾರದು. ಮೇಣವನ್ನು ನೇರ ಉರಿಯ ಮೇಲೆ ಕಾಯಿಸಬೇಡಿ, ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ನೀರು ಹಾಕದೆ ಮುಚ್ಚಳ ಮುಚ್ಚಿ. ನೊಣ ಕಚ್ಚಿದ ಮೇಲೆ ಉಸಿರುಗಟ್ಟಿದರೆ, ಗಂಟಲು ಊದಿದರೆ, ತಲೆ ಸುತ್ತಿದರೆ ಕೆಲಸ ಅಲ್ಲೇ ಬಿಟ್ಟು ತಕ್ಷಣ ಆಸ್ಪತ್ರೆಗೆ.

ನೂಲಿನಂತೆ ಎಳೆಯುವ ಮರಿ ಕಂಡಾಗ, ಅಥವಾ ಒಂದೇ ಊರಿನಲ್ಲಿ ಹಲವರ ಪೆಟ್ಟಿಗೆ ಒಟ್ಟಿಗೆ ಬಿದ್ದಾಗ, ಅಥವಾ ಎರಡು ಬಾರಿ ಶುದ್ಧಿ ಮಾಡಿದರೂ ಮರಿ ಸತ್ತಾಗ ಒಬ್ಬರೇ ಒದ್ದಾಡಬೇಡಿ. ತಾಲೂಕಿನ ತೋಟಗಾರಿಕೆ ಇಲಾಖೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಜೇನು ಕೃಷಿ ವಿಭಾಗಗಳಲ್ಲಿ ಕೇಳಿ. ವೈರಸ್ ಖಚಿತವಾಗುವುದು ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ. ಮಾದರಿ ಕಳಿಸುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ಈಗಷ್ಟೇ ಸತ್ತ, ಇನ್ನೂ ಮಾಸಲು ಬಿಳಿ ಅಥವಾ ತಿಳಿ ಹಳದಿಯಾಗಿರುವ ಹತ್ತಿಪ್ಪತ್ತು ಮರಿಗಳನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ, ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಿರಿ. ಒಣಗಿದ ಕಪ್ಪು ಚಕ್ಕೆ ಪರೀಕ್ಷೆಗೆ ಅಷ್ಟಾಗಿ ಒದಗುವುದಿಲ್ಲ. ಡಬ್ಬಿಯ ಮೇಲೆ ತಾರೀಕು, ಊರು, ಪೆಟ್ಟಿಗೆಯ ಸಂಖ್ಯೆ ಬರೆಯಿರಿ, ಹಿಂದಿನ ತಿಂಗಳು ಯಾರಿಂದ ಕುಟುಂಬ ಅಥವಾ ಎರಿ ತಂದಿರಿ ಎಂಬುದನ್ನೂ ಹೇಳಿ.